ಮನೆಯೊಳಗಿನ ಇನ್ನೊಂದು ಇಎಂಐ

(ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ನನ್ನ ವಿಷಯ ‘ಮನೆಯ ಕಂಪ್ಯೂಟರ್ ಮತ್ತು ಇಎಂಐ’ ಅಂತ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಹತ್ತು ನಿಮಿಷಕ್ಕೆ ಮೂವರು ಫೋನ್ ಮಾಡಿದರು. ಲ್ಯಾಪ್‌ಟಾಪನ್ನು ಕಂತಿನ ಮೇಲೆ ಕೊಳ್ಳುವುದು ಒಳ್ಳೆಯದಾ, ಒಮ್ಮೆಗೇ ದುಡ್ಡು ಕೊಡುವುದು ಒಳ್ಳೆಯದಾ ಅಂತ ಕೇಳಿದರು. ಪುಣೆಯಲ್ಲಿ ಫ್ಲ್ಯಾಟ್ ಕೊಂಡವರಿಗೆ ಇಎಂಐ ಅಂದರೆ ಬೇರೇನೂ ನೆನಪಾಗುವುದಿಲ್ಲ, ಅದು ಸಹಜವೇ. ನಾನು ಹೇಳುವ ಇಎಂಐಗೂ ಬ್ಯಾಂಕಿಗೂ ಸಂಬಂಧವಿಲ್ಲ. ಇದು ಎಲೆಕ್ಟ್ರೋಮ್ಯಾಗ್ನೆಟಿಕ್ ಇಂಟರ್‌ಫಿಯರೆನ್ಸ್, ಕನ್ನಡದಲ್ಲಿ ವಿದ್ಯುತ್ಕಾಂತೀಯ ಅಡಚಣೆ ಎನ್ನಬಹುದು. ಒಂದು ಉಪಕರಣ ತನ್ನ ಪಾಡಿಗೆ ಕೆಲಸ ಮಾಡುವಾಗ ಅದರಿಂದ ಹೊರಬೀಳುವ ವಿದ್ಯುತ್ ಗದ್ದಲ ಪಕ್ಕದ ಇನ್ನೊಂದು ಉಪಕರಣದ ಕೆಲಸವನ್ನು ಕೆಡಿಸುವುದು. ಅಷ್ಟೇ.

ಹೆಸರು ದೊಡ್ಡದಾದರೂ ನಮಗಿದು ಹಳೆಯ ಪರಿಚಯ. ದೂರದರ್ಶನ ಒಂದೇ ಇದ್ದ ಕಾಲ ನೆನಪಿಸಿಕೊಳ್ಳಿ. ಭಾನುವಾರ ಬೆಳಗ್ಗೆ ಎಲ್ಲರೂ ಟಿವಿ ಮುಂದೆ ಕೂತಿರುವಾಗ ಅಡುಗೆಮನೆಯಲ್ಲಿ ಅಮ್ಮ ಚಟ್ನಿಗೆ ಮಿಕ್ಸರ್ ಹಾಕಿದರೆ ಪರದೆ ತುಂಬಾ ಬಿಳಿ ಚುಕ್ಕಿ, ಅಡ್ಡಗೆರೆ. ‘ಅಮ್ಮಾ, ಒಂದು ನಿಮಿಷ ನಿಲ್ಸೇ’ ಅಂತ ಒಳಗಿನಿಂದ ಕೂಗು. ಮಿಕ್ಸರಿನ ಮೋಟರಿನಲ್ಲಿ ಕಾರ್ಬನ್ ಬ್ರಷ್ ಉಜ್ಜುವ ಕಡೆ ಸಣ್ಣ ಸಣ್ಣ ಕಿಡಿ ಹಾರುತ್ತವೆ. ಕಿಡಿ ಹಾರಿದಲ್ಲೆಲ್ಲ ರೇಡಿಯೋ ಅಲೆ ಹುಟ್ಟುತ್ತದೆ. ಮಾರ್ಕೋನಿ ಕಾಲದವರು ಸಂದೇಶ ಕಳಿಸುತ್ತಿದ್ದುದೇ ಕಿಡಿಗಳ ಮೂಲಕ. ಅಮ್ಮನ ಮಿಕ್ಸರ್ ಒಂದು ಪುಟ್ಟ ಪ್ರಸಾರ ಕೇಂದ್ರವಾಗಿತ್ತು ಅಂದರೆ ಉತ್ಪ್ರೇಕ್ಷೆಯಲ್ಲ. ಇಂಥ ಗದ್ದಲದಿಂದ ರೇಡಿಯೋ ಪ್ರಸಾರವನ್ನು ಕಾಪಾಡಲೆಂದೇ 1934ರಲ್ಲಿ ಸಿಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿ ಹುಟ್ಟಿತು. ಇವತ್ತಿಗೂ ಯಾವ ಉಪಕರಣ ಎಷ್ಟು ಗದ್ದಲ ಮಾಡಬಹುದು ಅನ್ನುವ ಮಿತಿಗಳನ್ನು ಅದೇ ಸಮಿತಿ ಬರೆಯುತ್ತದೆ.

ಆಗ ಕೆಡುತ್ತಿದ್ದುದು ಧಾರಾವಾಹಿ. ಈಗ ಕೆಡುತ್ತಿರುವುದು ನಮ್ಮ ಕೆಲಸ, ಮಕ್ಕಳ ಪರೀಕ್ಷೆ, ಡಾಕ್ಟರ ಜೊತೆಗಿನ ವಿಡಿಯೋ ಕರೆ. ನಮ್ಮ ಬಳಗದವರೇ ಒಬ್ಬರ ಕಥೆ ಹೇಳುತ್ತೇನೆ, ಅವರ ಒಪ್ಪಿಗೆ ಪಡೆದೇ. ಹೆಸರು ಬೇಡ.

ಆಕೆ ಗ್ರಾಹಕ ಸೇವೆಯ ಕೆಲಸದಲ್ಲಿದ್ದಾರೆ, ಮನೆಯಿಂದಲೇ. ಎರಡು ವರ್ಷದ ಮಗು, ಮೊಣಕಾಲು ನೋವಿನ ಅತ್ತೆ. ಮನೆಯಿಂದ ಮಾಡುವ ಅನುಕೂಲ ಇರುವುದರಿಂದಲೇ ಆ ಕೆಲಸ ಉಳಿದಿದೆ. ಕರೆಗಳು ನಡುವೆ ಕತ್ತರಿಸತೊಡಗಿದವು. ಎದುರಿನವರಿಗೆ ಇವರ ಧ್ವನಿ ತುಂಡು ತುಂಡಾಗಿ ಕೇಳುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಕಂಪನಿಯ ಯಂತ್ರ ಪ್ರತಿಯೊಂದನ್ನೂ ಲೆಕ್ಕ ಇಡುತ್ತದೆ. ಕಡೆಗೊಂದು ಮೇಲ್ ಬಂತು: ಮನೆಯ ಇಂಟರ್‌ನೆಟ್ ಸರಿಮಾಡಿಕೊಳ್ಳಿ, ಇಲ್ಲವಾದರೆ ಮುಂದಿನ ತಿಂಗಳಿನಿಂದ ಕಚೇರಿಗೆ ಬನ್ನಿ. ಆಕೆಗೆ ಅದರ ಅರ್ಥ ಕೆಲಸ ಬಿಡಿ ಎಂದೇ.

ಇಂಟರ್‌ನೆಟ್‌ನ ಹುಡುಗ ಎರಡು ಸಲ ಬಂದ. ಎರಡು ಸಲವೂ ಸಂಜೆ ನಾಲ್ಕಕ್ಕೆ. ಮೊಬೈಲಿನಲ್ಲಿ ವೇಗ ಪರೀಕ್ಷಿಸಿ ‘ಮೇಡಂ, ಲೈನ್ ಏಕದಂ ಚಾಂಗ್ಲಿ ಆಹೆ’ ಅಂದ. ಅವನು ಹೇಳಿದ್ದು ಸುಳ್ಳಲ್ಲ, ಲೈನ್ ಚೆನ್ನಾಗಿಯೇ ಇತ್ತು. ಗಂಡ ದುಪ್ಪಟ್ಟು ವೇಗದ ಪ್ಲಾನ್ ಹಾಕಿಸಿದರು. ದುಡ್ಡು ಹೆಚ್ಚು ಹೋಯಿತು, ಕರೆ ಮೊದಲಿನಂತೆಯೇ ಕತ್ತರಿಸಿತು. ಹೊಸ ಲ್ಯಾಪ್‌ಟಾಪ್ ತರೋಣವೇ ಅನ್ನುವ ಮಟ್ಟಕ್ಕೆ ಮಾತು ಬಂದಾಗ ಆಕೆ ನನ್ನನ್ನು ಕೇಳಿದರು.

ನಾನು ಏನನ್ನೂ ಬಿಚ್ಚಿ ನೋಡಲಿಲ್ಲ. ಒಂದು ವಾರ, ಕರೆ ಕೆಟ್ಟಾಗಲೆಲ್ಲ ಗಡಿಯಾರ ನೋಡಿ ಬರೆದಿಡಿ, ಆ ಹೊತ್ತಿನಲ್ಲಿ ಮನೆಯಲ್ಲಿ ಏನು ನಡೆಯುತ್ತಿತ್ತು ಅದನ್ನೂ ಬರೆಯಿರಿ ಅಂದೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದರು. ಮಧ್ಯಾಹ್ನ 12.50, 1.05, 1.10. ರಾತ್ರಿ 8.20, 8.30. ಮರುದಿನವೂ ಸುಮಾರು ಅದೇ. ಒಂದು ದಿನ ಮಾತ್ರ ಪೂರ್ತಿ ಖಾಲಿ. ಯಾವ ದಿನ ಅಂತ ನೋಡಿದರೆ ಏಕಾದಶಿ! ಅತ್ತೆಗೆ ಉಪವಾಸ, ಮಗುವಿಗೂ ಸೊಸೆಗೂ ಮೊಸರನ್ನ. ಅಂದು ಮನೆಯಲ್ಲಿ ಯಾರೂ ಏನನ್ನೂ ಬಿಸಿ ಮಾಡಿರಲಿಲ್ಲ.

ಇಷ್ಟಾದ ಮೇಲೆ ಉಳಿದದ್ದು ಸುಲಭ. ಫೈಬರ್ ತಂತಿ ಡ್ರೈ ಬಾಲ್ಕನಿಯ ಕಿಟಕಿಯಿಂದ ಒಳಬಂದಿತ್ತು, ಹಾಗಾಗಿ ರೂಟರನ್ನು ಅಡುಗೆಮನೆಯ ಕಪಾಟಿನ ಮೇಲೆ ಕೂಡಿಸಿದ್ದರು. ಅದರ ಕೆಳಗೇ ಮೈಕ್ರೋವೇವ್ ಒವನ್.

ಮೈಕ್ರೋವೇವ್ ಒವನ್ ಕೆಲಸ ಮಾಡುವ ಅಲೆಯ ಆವರ್ತನ 2.45 ಗಿಗಾಹರ್ಟ್ಸ್. ನಮ್ಮ ವೈಫೈ, ಬ್ಲೂಟೂತ್, ತಂತಿಯಿಲ್ಲದ ಮೌಸ್ ಎಲ್ಲ ಬಳಸುವುದು 2.4ರಿಂದ 2.4835 ಗಿಗಾಹರ್ಟ್ಸ್ ನಡುವಿನ ಪಟ್ಟಿ. ಅಂದರೆ ಇವೆಲ್ಲ ಒಂದೇ ಓಣಿಯವರು. ಇದು ಆಕಸ್ಮಿಕವಲ್ಲ. ಕೈಗಾರಿಕೆ, ವಿಜ್ಞಾನ, ವೈದ್ಯಕೀಯ ಉಪಕರಣಗಳು ಗದ್ದಲ ಮಾಡಿಕೊಳ್ಳಲಿ ಅಂತ 1947ರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಕೆಲವು ಪಟ್ಟಿಗಳನ್ನು ಬಿಟ್ಟುಕೊಟ್ಟರು, ಇದು ಅವುಗಳಲ್ಲೊಂದು. ಹೇಗೂ ಗದ್ದಲದ ಜಾಗ, ಸಣ್ಣ ಶಕ್ತಿಯ ರೇಡಿಯೋಗಳೂ ಲೈಸೆನ್ಸ್ ಇಲ್ಲದೆ ಇಲ್ಲಿರಲಿ ಅಂತ ಆಮೇಲೆ ಬೇರೆ ಬೇರೆ ದೇಶಗಳು ತೀರ್ಮಾನಿಸಿದವು. ನಮ್ಮ ದೇಶದಲ್ಲಿ ಈ ಪಟ್ಟಿಗೆ ಲೈಸೆನ್ಸ್ ಬೇಡವೆಂದದ್ದು 2005ರಲ್ಲಿ. ಸಂತೆಯಲ್ಲಿ ಕೂತು ಪಿಸುಮಾತಾಡಲು ಪರವಾನಗಿ ಕೊಟ್ಟ ಹಾಗೆ!

ಒವನ್ನಿನ ಒಳಗೆ ಸುಮಾರು 800 ವಾಟ್ ಶಕ್ತಿ ಸುತ್ತುತ್ತಿರುತ್ತದೆ. ರೂಟರ್ ಹೊರಹಾಕುವುದು 100 ಮಿಲಿವಾಟ್ ಆಸುಪಾಸು. ಒವನ್ನಿನಿಂದ ಹತ್ತು ಸಾವಿರದಲ್ಲಿ ಒಂದೇ ಒಂದು ಪಾಲು ಹೊರಗೆ ಸೋರಿದರೂ 80 ಮಿಲಿವಾಟ್ ಆಯಿತು, ಹೆಚ್ಚುಕಡಿಮೆ ರೂಟರಿಗೆ ಸಮ. ನಮ್ಮ ಮೈಗೆ ಅದು ಲೆಕ್ಕಕ್ಕಿಲ್ಲ. ಒವನ್ನಿನ ಹೊರಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವಾಟ್ ದಾಟಬಾರದೆಂಬ ಮಿತಿಯನ್ನು ಮೈಗೆ ಅಪಾಯವಾಗದಂತೆ ಹಾಕಿದ್ದಾರೆ. ಆದರೆ ಆ ಮಿತಿಯ ಒಳಗಿನ ಸೋರಿಕೆಯೇ ವೈಫೈ ಕಿವಿಗೆ ಡೋಲಿನ ಸದ್ದು. ಇನ್ನೊಂದು ವಿಶೇಷವಿದೆ. ಮಾಮೂಲಿ ಒವನ್ ನಿರಂತರವಾಗಿ ಅಲೆ ಹೊಮ್ಮಿಸುವುದಿಲ್ಲ. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಏರಿಳಿಯುತ್ತದಲ್ಲ, ಅದರ ಅರ್ಧ ಸುತ್ತಿನಲ್ಲಿ ಮಾತ್ರ. 10 ಮಿಲಿಸೆಕೆಂಡ್ ಗದ್ದಲ, 10 ಮಿಲಿಸೆಕೆಂಡ್ ಮೌನ. ಆ ಮೌನದ ಸಂದಿನಲ್ಲಿ ವೈಫೈ ತನ್ನ ಮಾತು ತೂರಿಸುತ್ತದೆ. ಆದ್ದರಿಂದ ವೆಬ್‌ಪುಟ ತಡವಾಗಿಯಾದರೂ ತೆರೆಯುತ್ತದೆ, ಸಿನಿಮಾ ಮುಂಚೆಯೇ ತುಂಬಿಕೊಂಡಿರುವುದರಿಂದ ಓಡುತ್ತದೆ. ಎದುರುಬದುರು ಮಾತಿಗೆ ಮಾತ್ರ ಕಾಯುವ ಪುರುಸೊತ್ತಿಲ್ಲ, ಅದು ಹರಿಯುತ್ತದೆ. ‘ನಾನು ಸಿನಿಮಾ ನೋಡ್ತಾ ಇದ್ದೀನಿ, ನೆಟ್ ಸರಿಯಾಗೇ ಇದೆಯಲ್ಲ, ನಿನ್ನದೇ ಏನೋ’ ಅಂತ ಮನೆಯವರು ಹೇಳುವುದು ಇದಕ್ಕೇ.

ಅತ್ತೆಯವರ ವಿಚಾರವನ್ನೂ ಹೇಳಬೇಕು. ಕಾರಣ ಒವನ್ ಅಂತ ಗೊತ್ತಾದ ಕೂಡಲೇ ಆ ಹಿರಿಯರು ಅದನ್ನು ಮುಟ್ಟುವುದನ್ನೇ ಬಿಟ್ಟರು. ಮೂರು ದಿನ ಆರಿದ ಅನ್ನ, ಆರಿದ ಸಾರು. ಸೊಸೆಯ ಕೆಲಸ ಹೋದೀತು ಅನ್ನುವ ಭಯ. ನನಗೆ ಇದು ಕರೆ ಕತ್ತರಿಸುವುದಕ್ಕಿಂತ ಹೆಚ್ಚು ಬೇಸರ ಅನ್ನಿಸಿತು. ಒವನ್ ನಿಲ್ಲಿಸುವ ಅಗತ್ಯವೇ ಇರಲಿಲ್ಲ. ಅವರ ರೂಟರಿನಲ್ಲಿ 5 ಗಿಗಾಹರ್ಟ್ಸ್‌ನ ಇನ್ನೊಂದು ಪಟ್ಟಿಯೂ ಇತ್ತು, ಹೆಸರಿನ ಕೊನೆಗೆ ‘5ಜಿ’ ಅಂತ ಕಾಣಿಸುತ್ತದಲ್ಲ, ಅದು. ಮೊಬೈಲಿನ 5ಜಿಗೂ ಇದಕ್ಕೂ ಸಂಬಂಧವಿಲ್ಲ, ಹೆಸರಿಟ್ಟವರಿಗೆ ನಮಸ್ಕಾರ. ಲ್ಯಾಪ್‌ಟಾಪನ್ನು ಆ ಪಟ್ಟಿಗೆ ಸೇರಿಸಿದೆವು. ಆ ಅಲೆ ಕಾಂಕ್ರೀಟ್ ಗೋಡೆ ದಾಟುವಾಗ ಹೆಚ್ಚು ಸೊರಗುತ್ತದೆ, ಅದಕ್ಕೆ ಒಂದು ಉದ್ದನೆಯ ತಂತಿ ತರಿಸಿ ರೂಟರನ್ನು ಹಾಲಿಗೆ ತಂದೆವು. ಕರೆ ನಿಂತಿತು, ಅಂದರೆ ನಿಲ್ಲುವುದು ನಿಂತಿತು. ಈಗ ಅಲ್ಲಿ ಸಾರು ಬಿಸಿಯಾಗಿಯೇ ಇರುತ್ತದೆ.

ಇಂಥದ್ದು ನಮ್ಮ ಮನೆಗಳಿಗೆ ಮಾತ್ರ ಅಂದುಕೊಳ್ಳಬೇಡಿ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಅಬರ್‌ಹೋಸಾನ್ ಅನ್ನುವ ಹಳ್ಳಿಯಿದೆ. ಅಲ್ಲಿ ಒಂದೂವರೆ ವರ್ಷ ದಿನಾ ಬೆಳಗ್ಗೆ ಏಳಕ್ಕೆ ಸರಿಯಾಗಿ ಊರಿನ ಬ್ರಾಡ್‌ಬ್ಯಾಂಡ್ ಬಿದ್ದುಹೋಗುತ್ತಿತ್ತು. ಎಂಜಿನಿಯರುಗಳು ತಂತಿಗಳನ್ನೇ ಬದಲಾಯಿಸಿ ನೋಡಿದರು, ಪ್ರಯೋಜನವಾಗಲಿಲ್ಲ. ಕೊನೆಗೆ ಅಲೆ ಅಳೆಯುವ ಯಂತ್ರ ಹಿಡಿದು ಬೆಳಗಿನ ಜಾವ ಊರಲ್ಲಿ ಅಡ್ಡಾಡಿದಾಗ ಸಿಕ್ಕಿದ್ದು ಒಂದು ಮನೆಯ ಹಳೆಯ ಟಿವಿ. ಮನೆಯವರು ಏಳಕ್ಕೆ ಎದ್ದು ಅದನ್ನು ಹಾಕುತ್ತಿದ್ದರು. 2020ರಲ್ಲಿ ಇದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಪಾಪ, ಅವರು ನಾಚಿಕೊಂಡು ಇನ್ನು ಹಾಕುವುದಿಲ್ಲ ಅಂತ ಮಾತು ಕೊಟ್ಟರಂತೆ.

ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿ 64 ಮೀಟರ್ ಅಗಲದ ರೇಡಿಯೋ ದೂರದರ್ಶಕವಿದೆ. ಅದರಲ್ಲಿ 1998ರಿಂದ ಆಗಾಗ ಒಂದು ವಿಚಿತ್ರ ಮಿಡಿತ ದಾಖಲಾಗುತ್ತಿತ್ತು, ‘ಪೆರಿಟಾನ್’ ಅಂತ ಹೆಸರಿಟ್ಟಿದ್ದರು. ಆಕಾಶದ ದೂರದ ಮೂಲೆಯಿಂದ ಬರುವ ನಿಜವಾದ ಮಿಡಿತಗಳನ್ನೇ ಹೋಲುತ್ತಿತ್ತು. 2015ರಲ್ಲಿ ಎಮಿಲಿ ಪೆಟ್ರಾಫ್ ಎಂಬ ಯುವ ಸಂಶೋಧಕಿ ಮತ್ತು ಅವರ ತಂಡ ಇದರ ಬೆನ್ನುಹತ್ತಿದರು. ಮಿಡಿತಗಳು ಬರುತ್ತಿದ್ದುದು ಹಗಲಿನಲ್ಲಿ, ಅದರಲ್ಲೂ ಊಟದ ಹೊತ್ತಿನ ಆಸುಪಾಸು! ಒವನ್ ಇನ್ನೂ ಓಡುತ್ತಿರುವಾಗಲೇ ಯಾರಾದರೂ ಬಾಗಿಲು ತೆರೆದರೆ, ಆಫ್ ಆಗುವ ಆ ಒಂದು ಕ್ಷಣದಲ್ಲಿ ಅಲೆ ಹೊರಗೆ ಹಾರುತ್ತದೆ, ದೂರದರ್ಶಕ ಆ ದಿಕ್ಕಿಗೆ ತಿರುಗಿದ್ದರೆ ಅದನ್ನು ಹಿಡಿಯುತ್ತದೆ. ನಮ್ಮ ಹಾಲಿನ ಲೆಕ್ಕದ ಪುಸ್ತಕದ ವಿಧಾನವೇ ಅಲ್ಲಿಯೂ ಉತ್ತರ ಕೊಟ್ಟದ್ದು. ನಮ್ಮ ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ಹೋದರೆ ನಾರಾಯಣಗಾವ್ ಹತ್ತಿರದ ಖೋಡದ್‌ನಲ್ಲಿ ಜಿಎಂಆರ್‌ಟಿ ಇದೆ, 45 ಮೀಟರ್ ಅಗಲದ 30 ತಟ್ಟೆಗಳು. ಅದನ್ನು ಅಷ್ಟು ದೂರ ಕಟ್ಟಿದ್ದಕ್ಕೆ ಪೇಟೆಯ ಇಂಥ ಗದ್ದಲ ಅಲ್ಲಿ ಕಡಿಮೆ ಅನ್ನುವುದೂ ಒಂದು ಕಾರಣ. ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.

ಮನೆಗೆ ವಾಪಸ್ ಬರೋಣ. ಅದೇ ಗೆಳತಿಗೆ ಇನ್ನೊಂದು ಕಾಟ ಉಳಿದಿತ್ತು. ತಂತಿಯಿಲ್ಲದ ಹೆಡ್‌ಸೆಟ್ ಕೆಲವು ದಿನ ಕರಕರ ಅನ್ನುತ್ತಿತ್ತು, ಮೌಸ್ ಬಾಣ ಜಿಗಿಜಿಗಿದು ಓಡುತ್ತಿತ್ತು. ಬರೆದಿಟ್ಟಾಗ ತಿಳಿದದ್ದು, ಅದು ಹಾರ್ಡ್ ಡಿಸ್ಕ್ ಚುಚ್ಚಿದ ದಿನ ಮಾತ್ರ. ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಮಾಹಿತಿ ಸಾಗಿಸುತ್ತದೆ. ಆ ಓಟದ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೂ ಹರಡುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ಪ್ರಕಟಿಸಿದೆ. ಪಕ್ಕಪಕ್ಕದ ಎರಡು ಕಿಂಡಿಯಲ್ಲಿ ಒಂದಕ್ಕೆ ಹಾರ್ಡ್ ಡಿಸ್ಕ್, ಇನ್ನೊಂದಕ್ಕೆ ಹೆಡ್‌ಸೆಟ್ಟಿನ ಪುಟಾಣಿ ಡಾಂಗಲ್ ಹಾಕಿದರೆ ಇನ್ನೇನಾಗುತ್ತದೆ? ಡಾಂಗಲನ್ನು ಒಂದು ಮೊಳ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ತಂತಿಗೆ ಹಾಕಿ ಮೇಜಿನ ಆಚೆ ತುದಿಗೆ ಇಟ್ಟರು. ಮುಗಿಯಿತು. ಗದ್ದಲದ ವಿಷಯದಲ್ಲಿ ಒಂದು ಮೊಳದ ದೂರ ಕೂಡ ಬಹಳ ದೂರ.

ಕೆಲವರ ಮನೆಯಲ್ಲಿ ಫ್ಯಾನ್ ಅಥವಾ ಟ್ಯೂಬ್‌ಲೈಟ್ ಸ್ವಿಚ್ ಆರಿಸಿದರೆ ಮಾನಿಟರ್ ಒಂದು ಕ್ಷಣ ಕಪ್ಪಾಗಿ ಮತ್ತೆ ಬರುತ್ತದೆ. ಸ್ವಿಚ್ಚಿನೊಳಗೆ ಹಾರಿದ ಕಿಡಿ ಅದಕ್ಕೆ ಕಾರಣ, ಅಗ್ಗದ ಎಚ್‌ಡಿಎಂಐ ತಂತಿ ಆ ಹೊಡೆತವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಹೊದಿಕೆ ಚೆನ್ನಾಗಿರುವ ಗಿಡ್ಡ ತಂತಿ ಹಾಕಿ, ಮಾನಿಟರ್ ಬದಲಾಯಿಸಬೇಡಿ. ತಂತಿಗಳ ತುದಿಯಲ್ಲಿ ಗಂಟಿನ ಹಾಗೆ ಒಂದು ದಪ್ಪ ಉರುಳೆ ಇರುತ್ತದಲ್ಲ, ‘ಅದ್ಯಾಕೆ ಅಲ್ಲಿ’ ಅಂತ ನನ್ನ ಅಮ್ಮ ಕೇಳಿದ್ದರು. ಅದರೊಳಗೆ ಫೆರೈಟ್ ಇದೆ. ತಂತಿಯ ಮೇಲೆ ಏರಿ ಬರುವ ಮೇಲ್ದರ್ಜೆಯ ಆವರ್ತನದ ಗದ್ದಲವನ್ನು ಅದು ಶಾಖವಾಗಿ ಕರಗಿಸುತ್ತದೆ. ಲ್ಯಾನ್ ತಂತಿಯ ಒಳಗಂತೂ ಎಂಟು ಎಳೆಗಳನ್ನು ಜೋಡಿ ಜೋಡಿಯಾಗಿ ಹೆಣೆದಿರುತ್ತಾರೆ. ಹೊರಗಿನ ಗದ್ದಲ ಎರಡೂ ಎಳೆಗೆ ಒಂದೇ ಸಮ ತಾಗುತ್ತದೆ, ಇನ್ನೊಂದು ತುದಿಯಲ್ಲಿ ಒಂದರಿಂದ ಒಂದನ್ನು ಕಳೆದಾಗ ಗದ್ದಲ ಸೊನ್ನೆ. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು, ಇನ್ನೂ ಅದೇ ನಡೆಯುತ್ತಿದೆ. ಆದ್ದರಿಂದ ಮಗುವಿನ ಪರೀಕ್ಷೆ, ಸಂದರ್ಶನ ಇಂಥ ದಿನಗಳಲ್ಲಿ ವೈಫೈ ಬಿಟ್ಟು ಲ್ಯಾನ್ ತಂತಿ ಚುಚ್ಚಿ ಅನ್ನುವುದು ನನ್ನ ಹಟ. ಅಂದವಾಗಿ ಕಾಣುವುದಿಲ್ಲ, ನಿಜ.

ಈಗ ಸ್ವಲ್ಪ ನಿಧಾನವಾಗಿ ಹೇಳಬೇಕಾದ ಸಂಗತಿ. ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್ ಅಡಾಪ್ಟರ್ ಇವೆಲ್ಲ 230 ವೋಲ್ಟ್ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಸಣ್ಣ ವೋಲ್ಟೇಜ್ ಮಾಡಿಕೊಳ್ಳುತ್ತವೆ. ಕತ್ತರಿಸುವ ಕೆಲಸದಲ್ಲಿ ಗದ್ದಲ ಆಗಿಯೇ ಆಗುತ್ತದೆ, ಅದನ್ನು ತಡೆಯಲು ಸುರುಳಿ ಮತ್ತು ಕೆಪಾಸಿಟರ್‌ಗಳ ಒಂದು ಸೋಸುಕ ಇರಬೇಕು. ರಸ್ತೆ ಬದಿಯ ಅಗ್ಗದ ಚಾರ್ಜರಿನಲ್ಲಿ ದುಡ್ಡು ಉಳಿಸುವುದು ಇಲ್ಲೇ. ಚಾರ್ಜಿಗೆ ಹಾಕಿದಾಗ ಫೋನ್ ತಾನೇ ಒತ್ತಿಕೊಳ್ಳುತ್ತದೆ, ಯಾರಿಗೋ ಕರೆ ಹೋಗುತ್ತದೆ, ಬೆರಳಿಟ್ಟಲ್ಲಿ ಕೇಳುವುದಿಲ್ಲ ಅನ್ನುವ ಅನುಭವ ನಿಮಗೂ ಆಗಿರಬಹುದು. ಪರದೆ ನಮ್ಮ ಬೆರಳನ್ನು ಗುರುತಿಸುವುದು ಬಹಳ ಸಣ್ಣ ವಿದ್ಯುತ್ ಬದಲಾವಣೆಯಿಂದ. ಚಾರ್ಜರಿನ ಗದ್ದಲ ಅದಕ್ಕೆ ಬೆರಳಿನ ಹಾಗೇ ಕಾಣುತ್ತದೆ. ವೈರಸ್ ಬಂದಿದೆ ಅಂತ ಅಂಗಡಿಗೆ ಓಡುವ ಮೊದಲು, ಮಕ್ಕಳು ಏನೋ ಮಾಡಿದರು ಅಂತ ಬೈಯುವ ಮೊದಲು ಚಾರ್ಜರ್ ಕಿತ್ತು ನೋಡಿ. ಹಣ ಕಳಿಸುವ ಆ್ಯಪ್ ತೆರೆದಿರುವಾಗ ಅಂಥ ಚಾರ್ಜರ್ ಖಂಡಿತ ಬೇಡ.

ಮೂರು ಪಿನ್ನಿನ ಲ್ಯಾಪ್‌ಟಾಪ್ ಅಡಾಪ್ಟರಿನ ಸೋಸುಕ ಹಿಡಿದ ಗದ್ದಲವನ್ನು ಮೂರನೆಯ ಪಿನ್ನಿನ ಮೂಲಕ ಭೂಮಿಗೆ ಚೆಲ್ಲುತ್ತದೆ. ನಾವು ಎರಡು ಪಿನ್ನಿನ ಕನ್ವರ್ಟರ್ ಹಾಕಿದರೆ, ಅಥವಾ ಹಳೆಯ ಕಟ್ಟಡದಲ್ಲಿ ಗೋಡೆಯ ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲದಿದ್ದರೆ ಚೆಲ್ಲುವುದೆಲ್ಲಿಗೆ? ಲ್ಯಾಪ್‌ಟಾಪಿನ ಲೋಹದ ಮೈಗೆ. ಮುಂಗೈ ಇಟ್ಟಾಗ ಜುಂ ಅನ್ನುತ್ತದೆ, ಟಚ್‌ಪ್ಯಾಡ್ ಹುಚ್ಚುಹುಚ್ಚಾಗಿ ಆಡುತ್ತದೆ. ಆ ಜುಂ ಅಷ್ಟಕ್ಕೇ ಪ್ರಾಣಾಪಾಯವಿಲ್ಲ, ಎರಡು ಪಿನ್ನಿನ ಅಡಾಪ್ಟರುಗಳಲ್ಲೂ ಸ್ವಲ್ಪ ಇರುತ್ತದೆ. ಆದರೆ ಮೂರು ಪಿನ್ನಿನ ಅಡಾಪ್ಟರ್ ಇದ್ದೂ ಜುಂ ಅಂದರೆ ಅದೊಂದು ಸುದ್ದಿ: ಈ ಗೋಡೆಯಲ್ಲಿ ಅರ್ಥ್ ಇಲ್ಲದಿರಬಹುದು. ಅದೇ ಸಾಲಿನಲ್ಲಿ ನಿಮ್ಮ ಗೀಸರ್, ವಾಷಿಂಗ್ ಮೆಷಿನ್ ಇರಬಹುದು. ಅವುಗಳಲ್ಲಿ ನಿಜವಾದ ದೋಷ ಬಂದ ದಿನ ಕಾಪಾಡಬೇಕಾದ್ದು ಅದೇ ತಂತಿ. ಬಾಡಿಗೆ ಮನೆಯಾದರೂ ಸರಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಅಳೆಸಿ, ಆರ್‌ಸಿಸಿಬಿ ಇದೆಯಾ ಕೇಳಿ. ಯಾರಾದರೂ ಅರ್ಥ್ ತೂತನ್ನು ನ್ಯೂಟ್ರಲ್‌ಗೆ ಜೋಡಿಸಿ ‘ಆಯ್ತು ಮೇಡಂ’ ಅಂದರೆ ಒಪ್ಪಬೇಡಿ, ಅದು ಮೊದಲಿಗಿಂತ ಅಪಾಯ. ಮನೆ ಮಾಲೀಕರು ಕಂಪ್ಯೂಟರಿನ ಸಮಸ್ಯೆ ಅಂದರೆ ನಗುತ್ತಾರೆ, ಗೀಸರ್ ಅಂದರೆ ಕೇಳಿಸಿಕೊಳ್ಳುತ್ತಾರೆ. ಹಾಗೇ ಹೇಳಿ.

ಒಂದು ಪ್ರಶ್ನೆ ಮುಂಚೆಯೇ ಬಂದಿದೆ: ಮೊಬೈಲಿಗೆ, ರೂಟರಿಗೆ ಅಂಟಿಸುವ ರೇಡಿಯೇಷನ್ ತಡೆಯುವ ಸ್ಟಿಕ್ಕರ್ ಕೊಳ್ಳಬಹುದಾ? ಬೇಡ. ಅದು ಅಲೆಯನ್ನು ನಿಜವಾಗಿ ತಡೆದರೆ ನಿಮ್ಮ ಫೋನಿಗೆ ಟವರ್ ಸಿಗಬಾರದು. ಟವರ್ ಸಿಗುತ್ತಿದ್ದರೆ ಅದು ಬರೀ ಸ್ಟಿಕ್ಕರ್. ಆ ದುಡ್ಡಿಗೆ ಒಂದು ಒಳ್ಳೆಯ ಎಕ್ಸ್‌ಟೆನ್ಷನ್ ತಂತಿ ಬರುತ್ತದೆ.

ಗದ್ದಲ ಹುಡುಕಲು ದುಬಾರಿ ಯಂತ್ರ ಬೇಕಿಲ್ಲ. ನನ್ನ ಚೀಲದಲ್ಲಿರುವುದು ಅಪ್ಪನ ಟ್ರಾನ್ಸಿಸ್ಟರ್, ಧಾರವಾಡ ಕೇಂದ್ರದ 765 ಕಿಲೋಹರ್ಟ್ಸ್ ಬಿಟ್ಟು ಬೇರೆ ಕಡೆ ಮುಳ್ಳು ತಿರುಗಿದ್ದೇ ಕಡಿಮೆ. ಮೀಡಿಯಂ ವೇವ್‌ಗೆ ಹಾಕಿ, ಎರಡು ಕೇಂದ್ರಗಳ ನಡುವಿನ ಖಾಲಿ ಜಾಗದಲ್ಲಿ ಮುಳ್ಳು ನಿಲ್ಲಿಸಿ, ಬಲ್ಬು, ಚಾರ್ಜರ್, ಫ್ಯಾನಿನ ರೆಗ್ಯುಲೇಟರ್ ಒಂದೊಂದರ ಹತ್ತಿರ ಹಿಡಿಯುತ್ತಾ ಹೋಗಿ. ಗದ್ದಲ ಮಾಡುವ ವಸ್ತುವಿನ ಹತ್ತಿರ ಹೋದಂತೆ ಝೇಂಕಾರ ಏರುತ್ತದೆ. ವೈಫೈನ ಪಟ್ಟಿಯನ್ನು ಇದು ಹಿಡಿಯುವುದಿಲ್ಲ, ಆದರೆ ಸೋಸುಕ ಇಲ್ಲದ ಚಾರ್ಜರನ್ನೂ ಬಲ್ಬನ್ನೂ ಕೂಡಲೇ ತೋರಿಸಿಕೊಡುತ್ತದೆ. ಸಂಶಯ ಬಂದದ್ದನ್ನು ಆರಿಸಿ, ಸದ್ದು ನಿಂತರೆ ಅದೇ.

ಈ ಸಭಾಂಗಣದಲ್ಲಿ ನಾನು ಎಣಿಸಿದ ಹಾಗೆ ಹದಿನಾಲ್ಕು ಎಲ್‌ಇಡಿ ದೀಪಗಳಿವೆ, ಮೈಕು ಆಗಿನಿಂದ ಗುಂಯ್ ಅನ್ನುತ್ತಿರುವುದು ನಿಮಗೂ ಕೇಳಿಸುತ್ತಿದೆ. ಹಿಂದಿನ ಸಾಲಿನವರು ದಯವಿಟ್ಟು ಸ್ವಿಚ್‌ಬೋರ್ಡ್ ಹತ್ತಿರ ನಿಲ್ಲಿ. ನಾನು ರೇಡಿಯೋ ಹಿಡಿದು ಬಾಗಿಲ ಕಡೆಯಿಂದ ಬರುತ್ತೇನೆ, ಕೈ ಎತ್ತಿದಾಗ ಒಂದೊಂದೇ ಆರಿಸಿ. ಇನ್ನೊಬ್ಬರು ಪೆನ್ನು ಹಿಡಿದು ಬರೆದುಕೊಳ್ಳಿ.